ಹದಿನೆಂಟು ವರ್ಷದ ಹೊಸಬಳು

"ಸೊಟ್ಟಗೆ ಹಾಕೇ, ಮುಂಡೇದೇ! ಇಷ್ಟು ನೆಟ್ಟಗೆ ಬೆಸುಗೆ ಹಾಕಿದ್ರೆ ಹೊಸಬಳು ಅಂತ ಸಾಹೇಬ್ರು ನಂಬ್ತಾರಾ?"

ಧಣಿ ಬೂಟುಗಾಲಿನಿಂದ ಕಬ್ಬಿಣದ ಪಟ್ಟಿಯನ್ನು ಒದ್ದ. ಅದಿನ್ನೂ ಕಾದಿತ್ತು. ಬೆಸುಗೆಯಕ್ಕ ಕಾಲು ಹಿಂದಕ್ಕೆಳೆದುಕೊಂಡಳು. ಹದಿನೆಂಟು ವರ್ಷ ಇದೇ ಶೆಡ್ಡಿನಲ್ಲಿ ವೆಲ್ಡಿಂಗ್ ಮಾಡಿ ಕಣ್ಣು ಹಾಳುಮಾಡಿಕೊಂಡವಳ ತಲೆಗೆ ಇವತ್ತು ಹಳದಿ ಟೋಪಿ ಹಾಕಿಸಿದ್ದರು. ಅದರ ಮೇಲೆ 'ಕಲಿಯುವವರು' ಎಂದು ಬರೆದಿತ್ತು. ಲೇತ್ ಮಿಷನ್ನಿನ ಮುಂದೆ ಮುದಿಯಾದ ಲೇತಣ್ಣನಿಗೂ ಅದೇ ಟೋಪಿ.

ಕಸುಬುದಾರರು ಊರು ಬಿಟ್ಟು ಹೋಗುತ್ತಿದ್ದಾರೆ, ಇರುವವರನ್ನು ಉಳಿಸಿಕೊಳ್ಳಿ, ಹೊಸಬರಿಗೆ ಕಲಿಸಿ ಎಂದು ಸರ್ಕಾರ ಧಣಿಗಳಿಗೆ ದುಡ್ಡು ಕೊಡುತ್ತಿತ್ತು. ಈ ಪುಣ್ಯಾತ್ಮ ಯಾರಿಗೂ ಏನೂ ಕಲಿಸಲಿಲ್ಲ. ಹಳಬರನ್ನೇ ಹೊಸಬರೆಂದು ತೋರಿಸಿ ಆ ದುಡ್ಡು ನುಂಗಿದ. ಕಲಿಯುವವರಿಗೆ ಇಷ್ಟೇ ಎಂದು ಅವರ ಸಂಬಳವನ್ನೂ ಅರ್ಧ ಮಾಡಿದ. ಇವತ್ತು ತಪಾಸಣೆಗೆ ಬರುವ ಸರ್ಕಾರಿ ಸಾಹೇಬರೆದುರು ಹೂಂ ಅಂದರೆ ಅರ್ಧ ಸಂಬಳವೇ ಖಾಯಂ, ಬೆಸುಗೆಯಕ್ಕನ ಮಗಳ ಓದು ಅಲ್ಲಿಗೆ ನಿಂತಂತೆ.

ಸಾಹೇಬರು ಮೂಗಿಗೆ ಕರವಸ್ತ್ರ ಹಿಡಿದುಕೊಂಡೇ ಬಂದರು.

"ಏನಮ್ಮಾ, ಕಲಿಯೋಕೆ ಬಂದು ಎಷ್ಟು ದಿನ ಆಯ್ತು?"

"ಹದಿನೆಂಟು ವರ್ಷ ಆಯ್ತು ಸಾಹೇಬ್ರೇ."

ಧಣಿ ಹಲ್ಲು ಕಿರಿದ. "ವಾರ ಅನ್ನೋಕೆ ವರ್ಷ ಅಂತಾಳೆ ಸಾರ್. ದಡ್ಡ ಮುಂಡೇದು. ನಾವಾಗಿದ್ದಕ್ಕೆ ಇಟ್ಕೊಂಡಿದೀವಿ."

"ಸುಳ್ಳು ಸಾಹೇಬ್ರೇ! ಈ ಶೆಡ್ಡಿನ ಕಂಬಕ್ಕೂ ನಾನೇ ಬೆಸುಗೆ..."

ಸಾಹೇಬರಿಗೆ ಎಲ್ಲ ಅರ್ಥವಾಗಿತ್ತು. ಅರ್ಥವಾಗಿದ್ದಕ್ಕೇ ನಕ್ಕರು. "ಇರಲಿ ಬಿಡ್ರೀ, ಪಾಪ, ಕಲೀತಾಳೆ" ಎಂದು ಅವಳ ಟೋಪಿಯ ಮೇಲೆ ತಟ್ಟಿ, ಧಣಿಯ ಹೆಗಲ ಮೇಲೆ ಕೈಹಾಕಿಕೊಂಡು ಆಫೀಸು ಕೋಣೆ ಹೊಕ್ಕರು. ಕಬ್ಬಿಣದ ಬಾಗಿಲು ಮುಚ್ಚಿಕೊಂಡಿತು. ಒಳಗಿನಿಂದ ಇಬ್ಬರ ನಗು ಕೇಳಿಸಿತು.

ಬೆಸುಗೆಯಕ್ಕನಿಗೆ ಮೈಯೆಲ್ಲ ಉರಿದುಹೋಯಿತು. ಹಿಡಿಕೆಗೆ ವೆಲ್ಡಿಂಗ್ ಕಡ್ಡಿ ಸಿಕ್ಕಿಸಿಕೊಂಡು ಸೀದಾ ಆ ಬಾಗಿಲಿಗೇ ಹೋದಳು. ಬಾಗಿಲಿಗೂ ಚೌಕಟ್ಟಿಗೂ ಸೇರಿಸಿ ಮೇಲಿನಿಂದ ಕೆಳಗಿನವರೆಗೆ ಬೆಸುಗೆ ಹಾಕಿದಳು. ಶೆಡ್ಡಿನಲ್ಲಿ ಯಾರೂ ಬೇಡ ಅನ್ನಲಿಲ್ಲ. ಲೇತಣ್ಣ ಹಿಂದಿನಿಂದ ವೈರು ಎಳೆದುಕೊಟ್ಟ.

ಒಳಗೆ ನಗು ನಿಂತಿತು. ಬಾಗಿಲು ದಬದಬ ಬಡಿದುಕೊಂಡಿತು. ಕಿಟಕಿಯ ಸರಳುಗಳ ಹಿಂದೆ ಧಣಿಯ ಮುಖ ಬೆವೆತಿತ್ತು.

"ಲೋ, ಬೋಳಿಮಕ್ಳಾ! ನೋಡ್ತಾ ನಿಂತಿದೀರಲ್ಲೋ! ಯಾರಾದ್ರೂ ಬಂದು ಇದನ್ನ ಕತ್ತರಿಸ್ರೋ!"

ಲೇತಣ್ಣ ಕೈಕಟ್ಟಿಕೊಂಡು ವಿನಯದಿಂದ ಮುಂದೆ ಬಂದ.

"ಕತ್ತರಿಸೋದು ಇನ್ನೂ ಕಲಿಸಿಲ್ವಲ್ಲ, ಧಣಿ."