ಅಳಿಯನ ಮೂಗು, ಅತ್ತೆಯ ಟ್ರಂಪೆಟ್

೧
ಎಲ್ಲಿಂದ ಹೊರಡಲಿ? ಉಸಿರಿನಿಂದ ಎನ್ನುತ್ತದೆ ಟ್ರಂಪೆಟ್ ಕಲಿಸುವ ಶಾಸ್ತ್ರ. ಹಾಗಾದರೆ ಮೊದಲ ವಾಕ್ಯ: ಉಸಿರು ಹೊಟ್ಟೆಯ ಆಳದಿಂದ ಬರಬೇಕು, ಹೆಗಲು ಏರಬಾರದು.

(ಹೊಡೆದುಹಾಕಿದೆ. ಕಥೆಗೆಂದು ಬಂದವರಿಗೆ ವ್ಯಾಯಾಮ ಹೇಳಿಕೊಟ್ಟಂತಾಯಿತು.)

ಇನ್ನೊಂದು ಆರಂಭ: ವಡೋದರದಿಂದ ಅಹಮದಾಬಾದಿಗೆ ಹೊರಟ ಬೆಳಗಿನ ರೈಲಿನ ಮಹಿಳಾ ಬೋಗಿಯಲ್ಲಿ ಇಂದುಮತಿ ಟ್ರಂಪೆಟ್ಟಿನ ಮೌತ್‌ಪೀಸನ್ನಷ್ಟೇ ತುಟಿಗಿಟ್ಟು ಗುಂಯ್‌ಗುಡುತ್ತಿದ್ದಾಳೆ. ಇದೇ ಇರಲಿ.

೨
ಧಾರವಾಡದವಳು, ಬ್ಯಾಂಕಿನ ಅಧಿಕಾರಿ. ಮನೆ ವಡೋದರದಲ್ಲಿ, ಶಾಖೆ ಅಹಮದಾಬಾದಿನ ನವರಂಗಪುರದಲ್ಲಿ. ದಿನವೂ ಹೀಗೆ ಹೋಗಿಬರುವುದನ್ನು ಇಲ್ಲಿಯವರು 'ಅಪ್‌ಡೌನ್' ಎನ್ನುತ್ತಾರೆ. ಫ್ಲ್ಯಾಟಿನಲ್ಲಿ ಊದಿದರೆ ನೆರೆಯವರು ಬಾಗಿಲು ಬಡಿಯುತ್ತಾರಾದ್ದರಿಂದ ಇಡೀ ವಾದ್ಯ ಭಾನುವಾರ ಊರ ಹೊರಗಿನ ಬಯಲಿಗೆ, ಮೌತ್‌ಪೀಸ್ ರೈಲಿಗೆ. ಅಷ್ಟರಲ್ಲೇ ತುಟಿಗಳು ಬಹಳ ಕಲಿಯುತ್ತವೆ, ಓದುಗರೇ.

"ಇಂದುಬೆನ್, ತಮಾರೋ ಮಚ್ಛರ್ ಆಜೆ ಜಾಡೋ ಥಯೋ," ಎಂದಳು ಎದುರಿಗೆ ಬಟಾಣಿ ಸುಲಿಯುತ್ತಿದ್ದ ನಮಿತಾಬೆನ್. ನಿಮ್ಮ ಸೊಳ್ಳೆ ಇವತ್ತು ದಪ್ಪಗಾಗಿದೆ. (ನಾದ ತುಂಬಿಕೊಂಡಿದೆ ಎಂದರ್ಥ. ಇಂಥ ವಿಮರ್ಶೆ ನನ್ನ ಯಾವ ಕವಿತೆಗೂ ದೊರೆತಿಲ್ಲ.)

೩
ಕಥೆಗೊಂದು ಸಂಕಟ ಬೇಕಲ್ಲ. ಮಗಳು ಅದಿತಿಯ ಮದುವೆ ಸೂರತ್ತಿನ ಹರ್ಷಿಲ್ ಜೊತೆ ನಿಶ್ಚಯವಾಗಿದೆ, ಕಲ್ಯಾಣಮಂಟಪವೂ ಅಲ್ಲೇ. ವರನ ಮೆರವಣಿಗೆ ಬಾಗಿಲಿಗೆ ಬಂದಾಗ ತಾನೇ ಒಂದು ಹಾಡು ಊದಿ ಬರಮಾಡಿಕೊಳ್ಳಬೇಕೆಂದು ಇಂದುಮತಿಯ ಹಂಬಲ.

"ಅಮ್ಮ, ನೋ. ಸ್ವರ ತಪ್ಪಿದ್ರೆ ಆ ವೀಡಿಯೊ ಅವರ ಫ್ಯಾಮಿಲಿ ಗ್ರೂಪ್‌ನಲ್ಲಿ ಲೈಫ್‌ಟೈಮ್ ಓಡುತ್ತೆ. ನೀನು ಜಸ್ಟ್ ಅವನ ಮೂಗು ಹಿಡಿ, ಬಸ್."

ಗುಜರಾತಿನ ಮದುವೆಯಲ್ಲಿ ಅತ್ತೆ ಬಾಗಿಲಲ್ಲೇ ಅಳಿಯನ ಮೂಗು ಹಿಡಿಯಲು ನೋಡುತ್ತಾಳೆ, ಅವನು ತಪ್ಪಿಸಿಕೊಳ್ಳುತ್ತಾನೆ.

"ಮೂಗೂ ಹಿಡಿತೀನಿ, ಟ್ರಂಪೆಟ್ಟೂ ಊದತೀನಿ. 'ಕೆಮ್ ಛೋ' ಅಂತ ಕ್ಷೇಮ ಕೇಳೂದು ಮುಗದಮ್ಯಾಲೆ ಬೀಗರ ಮುಂದ ಆಡಲಿಕ್ಕೆ ನನ್ನ ಹತ್ರ ಮಾತೇ ಇಲ್ಲವ್ವಾ. ಮಗಳನ್ನ ಕೊಡೂವಾಗ ಬಾಯಿ ಮುಚ್ಚಿಕೊಂಡು ನಿಂದರಲೇನು?"

ಅದಿತಿ ಫೋನು ನೋಡತೊಡಗಿದಳು. ಒಪ್ಪಿಗೆ ಸಿಗಲಿಲ್ಲ.

೪
ಇಲ್ಲಿ ನಾನು ತಲೆಹಾಕಿದೆ. "ಎತ್ತರದ ಸ್ವರಕ್ಕೆ ವಾದ್ಯವನ್ನು ತುಟಿಗೆ ಒತ್ತಬೇಡಿ. ದೀರ್ಘವಾಗಿ, ಮೆಲ್ಲಗೆ ಊದುವುದನ್ನು ಮೊದಲು ಸಾಧಿಸಿ. ಊದಿದಷ್ಟೇ ಹೊತ್ತು ತುಟಿಗೆ ಬಿಡುವು ಕೊಡಿ. ನವ್ಯ ಕಾವ್ಯದಲ್ಲೂ ಸಾಲುಗಳ ನಡುವಿನ ಬಿಳಿ ಜಾಗವೇ..."

"ಸರ, ನೀವು ಎಂದಾದ್ರೂ ಊದೀರೇನು?"

"ಇಲ್ಲ."

"ಅದಕ್ಕ ಇಷ್ಟು ಛಲೋ ಹೇಳ್ತೀರಿ."

(ಪಾತ್ರಗಳನ್ನು ಧಾರವಾಡದಿಂದ ತರಿಸಬಾರದು. ಆದರೂ ಸಲಹೆಗಳನ್ನು ಆಕೆ ಒಂದೊಂದಾಗಿ ಪಾಲಿಸಿದ್ದನ್ನು ಕದ್ದು ನೋಡಿದ್ದೇನೆ.)

೫
ಅಂತ್ಯ, ಮೊದಲನೆಯದು. ಸೂರತ್ತಿನ ಸಂಜೆ, ಹಾಡು ನಿಷ್ಕಳಂಕ, ಎಲ್ಲರೂ ಕಣ್ಣೊರೆಸಿಕೊಂಡರು. (ಹರಿದೆ. ಬಿಗಿದುಟ್ಟ ರೇಷ್ಮೆ ಸೀರೆಯಲ್ಲಿ ಅಂಥ ಉಸಿರು ಯಾರಿಗೂ ಸಿಗದು.)

ಎರಡನೆಯದು. ಮಗಳ ಮಾತಿಗೆ ಮಣಿದು ವಾದ್ಯ ಪೆಟ್ಟಿಗೆಯಲ್ಲೇ ಉಳಿಯಿತು.

"ಹಂಗ ಬರದ್ರ ನಾ ಸೂರತ್ತಿನ ತನಕ ಬರೂದಿಲ್ಲರಿ. ನಡುದಾರಿ ಭರೂಚದಾಗ ಇಳೀತೀನಿ," ಎಂದಳು ಇಂದುಮತಿ.

ಆದ್ದರಿಂದ ಮೂರನೆಯದು. ಮೆರವಣಿಗೆ ಬಂದು ನಿಂತಿತು. ಅವರ ಬ್ಯಾಂಡಿನವರು ಸುಮ್ಮನಾದರು. ಇಂದುಮತಿ ಊದಿದಳು. ಹಾಡಿನ ಸಾಲು ಮೆಲ್ಲನೆ ಬಳ್ಳಿಯಂತೆ ಏರಿತು. ತುದಿಯ ಸ್ವರ ಮಾತ್ರ ಆಡಿನ ಮರಿ ಕೂಗಿದಂತೆ ಒಡೆಯಿತು. ಮೊಬೈಲುಗಳೆಲ್ಲ ಮೇಲೆದ್ದವು. ಹರ್ಷಿಲ್ ನಕ್ಕು ನಕ್ಕು ಮೂಗು ಕಾಯ್ದುಕೊಳ್ಳುವುದನ್ನೇ ಮರೆತ. ಆಕೆ ವಾದ್ಯವನ್ನು ಎಡಗೈಗೆ ದಾಟಿಸಿ ಅವನ ಮೂಗನ್ನು ಗಪ್ಪನೆ ಹಿಡಿದೇಬಿಟ್ಟಳು. ಬೀಗರ ಕಡೆಯಿಂದಲೇ ಸಿಳ್ಳೆ ಬಿತ್ತು.

ಆಗ ಮೇಲಿನ ಕಿಟಕಿಯಲ್ಲಿ ಅಲಂಕಾರ ಅರ್ಧಕ್ಕೇ ಬಿಟ್ಟ ವಧು ಕಾಣಿಸಿಕೊಂಡಳು. ನಗುತ್ತಿದ್ದಳೋ ಅಳುತ್ತಿದ್ದಳೋ, ಬರೆದವನಿಗೂ ತಿಳಿಯದು.

"ಅಮ್ಮ, ಆ ಲಾಸ್ಟ್ ನೋಟ್ ಬಾಕಿ ಇದೆ. ಫಿರ್ ಸೇ, ಇನ್ನೊಮ್ಮೆ."

ಇಲ್ಲಿಗೆ ಸಾಕೆಂದು ನಾನು ಪೆನ್ನಿನ ಮುಚ್ಚಳ ಹುಡುಕುತ್ತಿದ್ದೆ. ಇಂದುಮತಿ ಅಳಿಯನ ಮೂಗು ಬಿಟ್ಟಳು. ತುಟಿ ಒದ್ದೆ ಮಾಡಿಕೊಂಡಳು. ಕಣ್ಣನ್ನು ಕಿಟಕಿಯಲ್ಲಿಟ್ಟು, ಸೀರೆಯ ಬಿಗಿ ಸಡಿಲಿಸಿ, ನಿಧಾನವಾಗಿ ಉಸಿರು ತುಂಬಿಕೊಳ್ಳುತ್ತ,