ಹನ್ನೊಂದು ತಿಂಗಳ ಮೆಲುದನಿ

ಹೆಣ ಹೊರಲು ಮಸೀದಿಯಿಂದ ತಂದ ಖಾಲಿ ಜನಾಜಾ ಮಂಚ ಮನೆಯ ಮೆಟ್ಟಿಲಿಗೂ ಗೇಟಿನ ಕಂಬಕ್ಕೂ ನಡುವೆ ಸಿಕ್ಕಿಹಾಕಿಕೊಂಡಿತು. ತೀರಿಕೊಂಡ ಇಕ್ಬಾಲನ ತಮ್ಮ ಶಾಕಿರ್ ಎಡಕ್ಕೆ ಎಂದ, ಹಿಂದೆ ಹಿಡಿದವರು ಬಲಕ್ಕೆ ಎಂದರು, ಮಂಚದ ಕಾಲು ಕಂಬದ ಸುಣ್ಣ ಕೆರೆಯಿತು. ಒಳಗಿನಿಂದ ನೋಡುತ್ತಿದ್ದ ರಹಿಮತ್ಬಿಗೆ ಗಂಟಲಿನವರೆಗೆ ಕೂಗು ಬಂತು. ಸೆರಗಿನ ತುದಿಯನ್ನು ಬಾಯಿಗೆ ತುರುಕಿಕೊಂಡಳು.

ಈ ಬಾಯಿಯೇ ಗಂಡನನ್ನು ಕೊಂದಿತೆಂದು ಅವಳು ನಿನ್ನೆ ಸಂಜೆಯೇ ತೀರ್ಮಾನಿಸಿಯಾಗಿತ್ತು. ಪಕ್ಕದಲ್ಲಿ ಕುಳಿತ ಹೆಂಗಸರಿಗೆ ಅದು ಗೊತ್ತಿರಲಿಲ್ಲ. ಯಲ್ಲಾಪುರದಲ್ಲೇ ಇಷ್ಟು ತಣ್ಣಗಿನ ಹೆಂಗಸು ಇನ್ನೊಬ್ಬಳಿಲ್ಲ ಎಂದು ಹೊಗಳುತ್ತಿದ್ದರು. ಪಾಪ, ಓಣಿಗೆ ಹೊಸಬರು.

* * *

ಇಕ್ಬಾಲ್ ಮೂವತ್ತು ವರ್ಷ ಲಾರಿ ಓಡಿಸಿದವನು. ಮನೆ ಪಕ್ಕದ ಇಕ್ಕಟ್ಟು ಜಾಗಕ್ಕೆ ಲಾರಿಯನ್ನು ಹಿಂದಕ್ಕೆ ತರುವಾಗ ದಾರಿ ಹೇಳುತ್ತಿದ್ದವಳು ರಹಿಮತ್ಬಿ. ಅವಳು “ಸಾಕು” ಎಂದರೆ ಹೆದ್ದಾರಿಯಲ್ಲಿ ಹೋಗುವವರೂ ಬ್ರೇಕ್ ಹಾಕುತ್ತಿದ್ದರು. ಗಾಡಿಗೆ ಒಂದು ಗೀರು ಬಿದ್ದಿರಲಿಲ್ಲ.

ಕ್ಯಾನ್ಸರ್ ಬಂದ ಮೇಲೆ ಹುಬ್ಬಳ್ಳಿಯ ಡಾಕ್ಟರು ಗಡ್ಡೆಯೊಂದೇ ಅಲ್ಲ, ಮೈಯೊಳಗೆ ಉರಿಯೂತ ಎಷ್ಟಿದೆ ಎಂಬುದೂ ಮುಂದಿನದನ್ನು ಹೇಳುತ್ತದೆ ಎಂದರು. ಅದನ್ನು ತೋರಿಸುವ ಸಿಆರ್‌ಪಿಯನ್ನು ರಕ್ತದಲ್ಲಿ ನೋಡುತ್ತಿರಬೇಕು, ಅಂಕಿ ಕಡಿಮೆಯಿದ್ದಷ್ಟೂ ಒಳ್ಳೆಯದು. ಗಂಡಹೆಂಡಿರು ಹೊರಡಲು ಏಳುವಾಗ, ಮನಸ್ಸಿಗೆ ನೆಮ್ಮದಿ ಇರಲಿ ಎಂದೂ ಸೇರಿಸಿದರು. ಆ ಎರಡು ಮಾತನ್ನು ಒಂದಕ್ಕೊಂದು ಗಂಟುಹಾಕಿದವನು ಇಕ್ಬಾಲ್. ಎಂಜಿನ್ ಕಾದರೆ ಮೀಟರಿನ ಮುಳ್ಳು ಏರುತ್ತದೆ, ಹೆಂಡತಿ ಕೂಗಿದರೆ ಸಿಆರ್‌ಪಿ ಏರುತ್ತದೆ. ಅಂದಿನಿಂದ ಅವನಿಗೆ ಟೀವಿ ರಿಮೋಟ್ ಬೇಕಾದರೂ ಸಿಆರ್‌ಪಿ, ಎರಡನೇ ಚಹಾ ಬೇಕಾದರೂ ಸಿಆರ್‌ಪಿ.

ರಹಿಮತ್ಬಿ ಹನ್ನೊಂದು ತಿಂಗಳು ಪಿಸುಗುಟ್ಟಿಕೊಂಡೇ ಸಂಸಾರ ಮಾಡಿದಳು. ತಡೆಯಲಾಗದಿದ್ದಾಗ ಹಿತ್ತಲಿಗೆ ಹೋಗಿ ಕೋಳಿಗಳನ್ನು ಬೈದು ಬರುತ್ತಿದ್ದಳು. ಕೋಳಿಗಳು ಮೊಟ್ಟೆ ಇಡುವುದನ್ನೇ ಬಿಟ್ಟವು.

ನಿನ್ನೆ ಮಧ್ಯಾಹ್ನ ಇಕ್ಬಾಲ್ ಕೆಸರು ಚಪ್ಪಲಿಯಲ್ಲಿ, ಆಗಷ್ಟೇ ಒರೆಸಿದ ನೆಲದ ಮೇಲೆ ನಡೆದು ಬಂದ. ಒಗೆದು ಹಾಸಿದ ಚಾದರದ ಮೇಲೆ ಕುಳಿತು, ಉಪ್ಪಿನಕಾಯಿ ಭರಣಿಗೆ ಕೈಯಿಕ್ಕಿ, ಎಣ್ಣೆ ಸುರಿಸುತ್ತ ತಿಂದ. ರಹಿಮತ್ಬಿಯ ಕಟ್ಟೆ ಒಡೆಯಿತು. ಚಪ್ಪಲಿಯಿಂದ ಶುರುವಾದ ಬೈಗುಳ ಮದುವೆಯ ದಿನದವರೆಗೆ ಹೋಗಿ ಬಂತು. ಅವನು ಕಣ್ಣುಮುಚ್ಚಿ ನಗುತ್ತ ಕುಳಿತಿದ್ದ, ಅದನ್ನು ಕಂಡು ಅವಳು ಇನ್ನಷ್ಟು ಕೂಗಿದಳು. ಸಂಜೆ ಅವನಿಗೆ ಚಳಿಜ್ವರ ಬಂತು. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಉಸಿರು ನಿಂತಿತ್ತು.

* * *

ಪ್ರತಿಸಲ ರಕ್ತ ತೆಗೆಯುತ್ತಿದ್ದ ಲ್ಯಾಬಿನ ಪರಿಮಳಾ ಹೆಂಗಸರ ನಡುವೆ ದಾರಿ ಮಾಡಿಕೊಂಡು ಬಂದಳು. ಕೈಯಲ್ಲಿ ಮಡಚಿದ ಕಾಗದವಿತ್ತು.

“ಚಾಚಿ, ನಿನ್ನೆಯ ರಿಪೋರ್ಟು.”

“ಎಷ್ಟು?”

“ನೂರಾ ತೊಂಬತ್ತು.”

ಹಿಂದಿನ ವಾರ ಹದಿನಾರಿತ್ತು. ರಹಿಮತ್ಬಿ ಸೆರಗನ್ನು ಬಾಯಿಂದ ತೆಗೆದಳು. “ನಾನು ಬೈದೆ, ಪರಿಮಳಾ. ನಿನ್ನೆ ಮಧ್ಯಾಹ್ನ. ಅದಕ್ಕೇ ಏರ್ತು.”

“ಎಂತ ಹೇಳ್ತೀರಿ? ಬೈದ್ರೆ ಇದು ಏರೋದಿಲ್ಲ. ಅಲ್ದೆ, ಚಾಚಾ ಲ್ಯಾಬಿಗೆ ಬಂದು ರಕ್ತ ಕೊಟ್ಟಿದ್ದು ಬೆಳಗ್ಗೆ. ಟೈಮ್ ನೋಡಿ.”

ಅಕ್ಷರ ಬಾರದಿದ್ದರೂ ಅಂಕಿ ಓದಲು ರಹಿಮತ್ಬಿಗೆ ಬರುತ್ತಿತ್ತು. ಏಳು ನಲವತ್ತು. ಎರಡು ಸಲ ಓದಿದಳು.

ಪರಿಮಳಾ ದನಿ ತಗ್ಗಿಸಿದಳು. “ಹನ್ನೊಂದಕ್ಕೆ ಚಾಚಾ ಫೋನ್ ಮಾಡಿ ಕೇಳಿದ್ರು. ಹೇಳ್ದೆ. ಕೂಡ್ಲೆ ದೊಡ್ಡಾಸ್ಪತ್ರೆಗೆ ಹೋಗಿ ಅಂದೆ. ನಾಳೆ ಹೋಗ್ತೆ ಅಂದ್ರು. ಆಮೇಲೆ, ‘ಇನ್ನು ನಿಮ್ಮ ಚಾಚಿ ಹತ್ರ ಬೈಸ್ಕೊಂಡ್ರೆ ಅಡ್ಡಿಲ್ಲ. ಮನೆ ಭಾಳ ದಿನದಿಂದ ಬಿಕೋ ಅಂತಿದೆ’ ಅಂದ್ರು.”

ರಹಿಮತ್ಬಿಗೆ ಮೊದಲು ಸಿಟ್ಟು ಬಂತು. ಬೇಕಂತಲೇ ಮೆತ್ತಿದ ಎಣ್ಣೆ, ಬೇಕಂತಲೇ ತುಳಿದ ಕೆಸರು. ಆಮೇಲೆ ಆ ಮುಚ್ಚಿದ ಕಣ್ಣು ನೆನಪಾಗಿ, ನಿನ್ನೆಯಿಂದ ಬಾರದ ಅಳು ಒಮ್ಮೆಲೇ ಬಂತು.

ಹೊರಗೆ ಇಕ್ಬಾಲನನ್ನು ಹೊತ್ತ ಮಂಚ ಮತ್ತೆ ಗೇಟಿಗೆ ಸಿಕ್ಕಿತು. ಶಾಕಿರ್ ಎಡಕ್ಕೆ ಎಂದ, ಹಿಂದಿನವರು ಬಲಕ್ಕೆ ಎಂದರು. ರಹಿಮತ್ಬಿ ಕಣ್ಣೊರೆಸಿಕೊಂಡು ಬಾಗಿಲಿಗೆ ಬಂದು ನಿಂತಳು.

“ಶಾಕಿರ್, ನೀನು ಬಾಯಿ ಮುಚ್ಚು. ಹಿಂದಿನವ್ರು ಬಲಕ್ಕೆ. ಬರ್ಲಿ, ಬರ್ಲಿ, ಇನ್ನೂ ಬರ್ಲಿ... ಸಾಕು. ಈಗ ಸೀದಾ ಹೋಗ್ಲಿ.”

ಹೊಗಳುತ್ತಿದ್ದ ಹೆಂಗಸರು ಬೆಚ್ಚಿಬಿದ್ದರು. ಹಿತ್ತಲಲ್ಲಿ ಕೋಳಿಗಳು ದಿಕ್ಕಾಪಾಲಾದವು. ಇಕ್ಬಾಲ್ ಕಂಬಕ್ಕೆ ಎಲ್ಲೂ ತಾಗದೆ ಗೇಟು ದಾಟಿದ.