ದೇವಿಯ ಬಲ, ಶಾಂತಾರಾಮನ ಎಡ

ಚಿತ್ತಾಕುಲದ ಶಾಂತಾರಾಮ ಹಳೆಯ ಕಂಪ್ಯೂಟರುಗಳನ್ನು ಕೂಡಿಡುವವನು. ತನ್ನಲ್ಲಿದ್ದ ಹದಿನೇಳಕ್ಕೂ ರೇಷ್ಮೆ ಹೊದೆಸಿ ದಿನಾ ಧೂಪ ತೋರಿಸುತ್ತಿದ್ದ. ಒಂದರ ಸ್ಕ್ರೂ ಸಹ ಬಿಚ್ಚಿದವನಲ್ಲ. ಅಂಕೋಲೆಯ ನಾಗುವಿನ ಭಕ್ತಿ ಬೇರೆ ಬಗೆಯದು. ಮೂರು ಸತ್ತ ಯಂತ್ರ ಬಿಚ್ಚಿ ಒಂದನ್ನು ಬದುಕಿಸುತ್ತಿದ್ದ. ನಲವತ್ತು ವರ್ಷ ಹಳೆಯದೊಂದಕ್ಕೆ ಹೊಸ ಭಾಗ ಜೋಡಿಸಿ, ತನ್ನ ಅಂಗಡಿಯಲ್ಲಿ ಉಬ್ಬರ ಇಳಿತದ ಹೊತ್ತು ತೋರಿಸುವಂತೆ ಮಾಡಿದ್ದ. ಇಳಿತದ ಹೊತ್ತು ನೋಡಿಕೊಂಡು ಬಳಚು ಎಂಬ ಚಿಪ್ಪುಮೀನು ಆರಿಸುವ ಮಂಜಿಯಂಥವರು ದಿನಾ ಬಂದು ನೋಡಿ ಹೋಗುತ್ತಿದ್ದರು.

ಅದೇ ಮಾದರಿಯದು ಶಾಂತಾರಾಮನ ಬಳಿಯೂ ಇತ್ತು. ನೋಡಲು ಒಂದು ನರಪಿಳ್ಳೆಯೂ ಬಂದಿರಲಿಲ್ಲ. ಅದು ಅವನೆದೆಯಲ್ಲಿ ಉಮಿಬೆಂಕಿಯಂತೆ ಹೊಗೆಯಾಡುತ್ತಿತ್ತು.

ಒಂದು ದಿನ ನಾಗುವಿನ ಯಂತ್ರದಲ್ಲಿ ಚಿತ್ರ ಮೂಡಿಸುವ ಚಿಪ್ ಸುಟ್ಟಿತು. ಅವನು ಬಸ್ಸು ಹತ್ತಿ ಬಂದ.

"ಶಾಂತಣ್ಣಾ, ಆ ಚಿಪ್ ಈಗ ಇರುದು ನಿನ್ನ ಹತ್ರ ಮಾತ್ರ. ಕೊಟ್ರೆ ನಂದು ಎದ್ದು ಕೂತ್ಕಳ್ತದೆ."

"ದೇವಿ ಹತ್ರ ಪ್ರಸಾದ ಕೇಳ್ವಾ, ಬಾ."

ಗುಡಿಯಲ್ಲಿ ಅರ್ಚಕ ಗಜಾನನ ಭಟ್ಟರು ದೇವಿಯ ಎರಡೂ ಭುಜಕ್ಕೆ ಒದ್ದೆ ಎಸಳು ಅಂಟಿಸಿದರು. ಬಲದ್ದು ಮೊದಲು ಬಿದ್ದರೆ ಕೊಡು ಎಂದು ಅಪ್ಪಣೆ, ಎಡದ್ದಾದರೆ ಬೇಡ. ನಾಗು ಹೊರಗೆ ಜಗುಲಿಯಲ್ಲಿ ಕಾದ. ಬಿದ್ದದ್ದು ದೇವಿಯ ಬಲಭುಜದ್ದು. ಎದುರು ನಿಂತ ಶಾಂತಾರಾಮನಿಗೆ ಅದು ಎಡ.

"ಎಡಕ್ಕೆ ಬಿತ್ತು," ಎಂದ ಹೊರಗೆ ಬಂದು.

"ಅವಳೇ ಬೇಡ ಅಂದ್ಮೇಲೆ ಮುಗೀತು ಮಾರಾಯಾ." ನಾಗು ಒಳಗಿನತ್ತ ಕೈಮುಗಿದು, ಕಿಸೆಯಿಂದ ಕೀಬೋರ್ಡಿನ ಕರಿಯ ಗುಂಡಿಯೊಂದನ್ನು ತೆಗೆದ. "ನಿಂದರಲ್ಲಿ ಇದೊಂದು ಇಲ್ಲ ಅಲ್ದಾ? ನೀ ಚಿಪ್ ಕೊಟ್ರೂ ಬಿಟ್ರೂ ಕೊಡುದೇ ಅಂತ ನಂದರದ್ದು ಕಿತ್ತು ತಂದಿದ್ದೆ."

ಕೊಡುವುದರಲ್ಲೂ ಅವನೇ ಮುಂದೆ! ಶಾಂತಾರಾಮನ ಮೈಯೆಲ್ಲ ಉರಿಯಿತು.

ಮನೆಯಲ್ಲಿ ಗುಂಡಿ ಕೂರಿಸಿದ. ಯಂತ್ರ ಪೂರ್ತಿಯಾಯಿತು. ಆದರೆ ಧೂಪ ಹಿಡಿದು ದೇವಿಯ ಪಟದೆದುರು ನಿಂತರೆ ಕಣ್ಣು ಅವಳ ಬಲಗೈಗೇ ಹೋಗುತ್ತಿತ್ತು. ಮೂರು ದಿನ ಹೀಗೇ ಆಯಿತು. ನಾಲ್ಕನೆಯ ದಿನ, ಬಿಚ್ಚಲು ಬಾರದ ಆತ ಯಂತ್ರವನ್ನು ರೇಷ್ಮೆ ಸಮೇತ ತೊಡೆಯ ಮೇಲಿಟ್ಟುಕೊಂಡು ಅಂಕೋಲೆಯ ಬಸ್ಸಿನಲ್ಲಿ ಕೂತ.

"ಅರೆ, ದೇವಿ ಬೇಡ ಅಂದಿದ್ಳಲ್ಲಾ?" ಎಂದ ನಾಗು, ಅಂಗಡಿಗೆ ಬಂದವನನ್ನು ನೋಡಿ.

"ಎಡ ನಂದಾಗಿತ್ತು ತಮಾ. ಅವಳದ್ದು ಬಲವೇ."

"ಇಷ್ಟು ವರ್ಷ ಕೈಮುಗಿದ್ರೂ ಅವಳ ಬಲಗೈ ಯಾವ್ದು ಗೊತ್ತಾಗ್ಲಿಲ್ವಾ ನಿಂಗೆ?"

"ಗೊತ್ತಿತ್ತು."

ನಾಗು ರೇಷ್ಮೆ ಸರಿಸಿ ಸ್ಕ್ರೂ ಬಿಚ್ಚತೊಡಗಿದ.

ಸಂಜೆ ಪರದೆ ಬೆಳಗಿತು. "ನಮ್ಮ ನಾಗು ಅಂದ್ರೆ ನಾಗುವೇ!" ಎಂದಳು ಮಂಜಿ, ಬುಟ್ಟಿ ಇಳಿಸುತ್ತ. ಶಾಂತಾರಾಮನ ಹೊಟ್ಟೆಯಲ್ಲಿ ಕಿಡಿ ಮತ್ತೆ ಎದ್ದಿತು. ಅವನು ಖಾಲಿ ರೇಷ್ಮೆಯನ್ನು ಮಡಿಸುತ್ತ, ಪರದೆಯ ಮೇಲೆ ತನ್ನ ಚಿಪ್ ಮೂಡಿಸಿದ ನಾಳಿನ ಇಳಿತದ ಹೊತ್ತನ್ನು ಎರಡೆರಡು ಸಲ ಓದಿದ.